ಇರಾನಿನ ಹೆಣ್ಣುಮಕ್ಕಳು ಕಳೆದುಕೊಂಡ ಏಳು ವರ್ಷ

ಫುಟ್ಸಾಲ್ ಅಂದರೆ ಗೋಲ್ ಕೀಪರ್ ಸೇರಿ ತಂಡಕ್ಕೆ ಐವರು ಆಡುವ ಒಳಾಂಗಣ ಫುಟ್‌ಬಾಲ್. ಮಹಿಳೆಯರ ಮೊಟ್ಟಮೊದಲ ಫುಟ್ಸಾಲ್ ವಿಶ್ವಕಪ್ 2025ರ ನವೆಂಬರ್ 21ರಿಂದ ಡಿಸೆಂಬರ್ 7ರವರೆಗೆ ಫಿಲಿಪ್ಪೀನ್ಸಿನ ಪಾಸಿಗ್ ನಗರದಲ್ಲಿ ನಡೆಯಿತು. ಹದಿನಾರು ತಂಡಗಳಿದ್ದವು. ಫೈನಲ್‌ನಲ್ಲಿ ಬ್ರೆಜಿಲ್ 3-0 ಗೋಲುಗಳಿಂದ ಪೋರ್ಚುಗಲ್ಲನ್ನು ಸೋಲಿಸಿ ಕಪ್ ಎತ್ತಿತು. ಈ ಆಟವನ್ನು ಹಿಂಬಾಲಿಸುವವರಿಗೆ ಅದು ನಿರೀಕ್ಷಿತವೇ. ನನ್ನನ್ನು ಇವತ್ತಿಗೂ ಕಾಡುತ್ತಿರುವುದು ಗುಂಪು ಹಂತದ ಒಂದು ಫಲಿತಾಂಶ. ಡಿ ಗುಂಪಿನಿಂದ ಬ್ರೆಜಿಲ್ ಮತ್ತು ಇಟಲಿ ಕ್ವಾರ್ಟರ್ ಫೈನಲ್‌ಗೆ ಹೋದವು, ಇರಾನ್ ಮತ್ತು ಪನಾಮಾ ಮನೆಗೆ ಹೊರಟವು. 2015ರಲ್ಲೂ 2018ರಲ್ಲೂ ಏಷ್ಯಾದ ಚಾಂಪಿಯನ್ ಆಗಿದ್ದ ಇರಾನ್, ಕೊನೆಗೂ ವಿಶ್ವಕಪ್ ಅಂತ ಒಂದು ಬಂದಾಗ ಎಂಟರೊಳಗೂ ಇರಲಿಲ್ಲ.

ಗುಂಪು ಕಠಿಣವಾಗಿತ್ತು ಎಂದು ಹೇಳಿ ಮುಗಿಸಬಹುದು. ಬ್ರೆಜಿಲ್ ಇದ್ದ ಗುಂಪು ಯಾರಿಗೂ ಸುಲಭವಲ್ಲ. ಆದರೆ ಆ ಮಾತಿನಿಂದ ನನಗೆ ಸಮಾಧಾನವಾಗುವುದಿಲ್ಲ. 2018ರ ಏಷ್ಯಾ ಫೈನಲ್‌ನಲ್ಲಿ ಜಪಾನನ್ನು 5-2ರಿಂದ ಮಣಿಸಿದ ತಂಡಕ್ಕೆ ಅದರ ಮುಂದಿನ ಏಷ್ಯಾ ಕಪ್ ಸಿಕ್ಕಿದ್ದು 2025ರ ಮೇ ತಿಂಗಳಲ್ಲಿ, ಚೀನಾದ ಹೊಹೊಟ್‌ನಲ್ಲಿ. ನಡುವೆ 2020ರಲ್ಲಿ ಕುವೈತ್‌ನಲ್ಲಿ ಆಗಬೇಕಿದ್ದ ಟೂರ್ನಿ ಕೋವಿಡ್‌ನಿಂದಾಗಿ ರದ್ದಾಯಿತು. ರದ್ದಾದದ್ದರ ಬದಲಿಗೆ ಇನ್ನೊಂದನ್ನು ಯಾರೂ ನಡೆಸಲಿಲ್ಲ. 2018ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದ ಆಟಗಾರ್ತಿಗೆ ಮುಂದಿನ ಏಷ್ಯಾ ಕಪ್ ಹೊತ್ತಿಗೆ ಮೂವತ್ತೆರಡು. ಕ್ರೀಡೆಯಲ್ಲಿ ಇಷ್ಟು ಉದ್ದದ ಬಿಡುವು ಅಂದರೆ ಒಂದು ತಲೆಮಾರಿನ ಅತ್ಯುತ್ತಮ ವರ್ಷಗಳೇ ಹೋದ ಹಾಗೆ.

ಅದೇ ಅವಧಿಯಲ್ಲಿ ಯುರೋಪಿನವರು ಏನು ಮಾಡಿದರು ನೋಡಿ. ಅವರ ಮಹಿಳಾ ಯುರೋ, ಅಂದರೆ ಆ ಖಂಡದ ಚಾಂಪಿಯನ್‌ಷಿಪ್, ಶುರುವಾದದ್ದೇ 2019ರಲ್ಲಿ, ಅಂದರೆ ಇರಾನ್ ಎರಡು ಸಲ ಏಷ್ಯಾ ಗೆದ್ದಾದ ಮೇಲೆ. ಆದರೆ ಅಲ್ಲಿಂದ 2023ರೊಳಗೆ ಮೂರು ಯುರೋ ಮುಗಿದವು. ಮೂರನ್ನೂ ಸ್ಪೇನ್ ಗೆದ್ದಿತು. ಪೋರ್ಚುಗಲ್ 2019ರಲ್ಲಿ ತನ್ನದೇ ಗೊಂಡೊಮಾರ್ ಊರಿನ ಹಾಲ್‌ನಲ್ಲಿ 0-4ರಿಂದ ಸೋತಿತು. 2022ರಲ್ಲಿ ಅದೇ ಊರಿನಲ್ಲಿ 3-3 ಸಮ ಮಾಡಿಕೊಂಡು ಪೆನಾಲ್ಟಿಯಲ್ಲಿ ಸೋತಿತು. ಎರಡು ಫೈನಲ್ ಸೋತ ಆ ತಂಡವೇ 2025ರ ವಿಶ್ವಕಪ್ ಫೈನಲ್ ಆಡಿತು. ಫೈನಲ್ ಸೋಲುವುದಕ್ಕೂ ಒಂದು ಅವಕಾಶ ಬೇಕಲ್ಲ, ಇರಾನಿಗೆ ಅದೂ ಸಿಗಲಿಲ್ಲ.

ಕ್ಯಾಪ್ಟನ್ ಇಲ್ಲದೆ ಗೆದ್ದ ಕಪ್

ಇರಾನಿನಲ್ಲಿ ಹೆಂಗಸರ ಫುಟ್ಸಾಲ್ ಬಲವಾಗಿ ಬೆಳೆದದ್ದಕ್ಕೆ ಒಂದು ಕಾರಣ ಆ ಆಟ ನಾಲ್ಕು ಗೋಡೆಯ ಒಳಗೆ ನಡೆಯುತ್ತದೆ ಎಂಬುದು. ಬಾಗಿಲು ಹಾಕಿದ ಹಾಲ್, ಪ್ರೇಕ್ಷಕರೂ ಹೆಂಗಸರೇ. ಗಂಡಸರ ಫುಟ್‌ಬಾಲ್ ಪಂದ್ಯ ನೋಡಲು ಟಿಕೆಟ್ ಕೊಂಡು ತೆಹರಾನಿನ ಆಜಾದಿ ಸ್ಟೇಡಿಯಂನೊಳಗೆ ಹೋಗಲು ಹೆಂಗಸರಿಗೆ ಸುಮಾರು ನಲವತ್ತು ವರ್ಷಗಳ ನಂತರ ಆಗಿದ್ದೇ 2019ರ ಅಕ್ಟೋಬರ್‌ನಲ್ಲಿ, ಕಾಂಬೋಡಿಯಾ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ. ಬಯಲಿನಲ್ಲಿ ಕೂರಲಿಕ್ಕೇ ಜಾಗವಿಲ್ಲದ ದೇಶದಲ್ಲಿ ಆಡಲಿಕ್ಕೆ ಹಾಲ್ ಒಂದು ಜಾಗವಾಯಿತು. 2011ರಲ್ಲಿ ಅಮ್ಮಾನ್‌ನಲ್ಲಿ ಜೋರ್ಡಾನ್ ವಿರುದ್ಧ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ನಿಂತ ಇರಾನಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ತಲೆವಸ್ತ್ರದ ಕಾರಣ ಹೇಳಿ ಆಡಲು ಬಿಡಲಿಲ್ಲ. 2014ರ ಮಾರ್ಚ್‌ನಲ್ಲಿ ನಿಯಮ ಬದಲಾಯಿತು. ಈಗಿನ ನಿಯಮದ ಪ್ರಕಾರ ತಲೆವಸ್ತ್ರ ಕಪ್ಪಾಗಿರಬೇಕು ಇಲ್ಲವೇ ಜರ್ಸಿಯ ಮುಖ್ಯ ಬಣ್ಣದ್ದೇ ಆಗಿರಬೇಕು, ಒಂದು ತಂಡದವರದ್ದೆಲ್ಲ ಒಂದೇ ಬಣ್ಣದ್ದಾಗಿರಬೇಕು, ಜರ್ಸಿಗೆ ಹೊಲಿದಿರಬಾರದು, ಪಿನ್ನಿನಂತಹ ಚುಚ್ಚುವ ವಸ್ತು ಇರಬಾರದು, ತುದಿ ಹೊರಗೆ ಜೋತಾಡಬಾರದು. ಹೊರಗಿನವರು ಒಳಗೆ ಬಿಡಲು ಇಷ್ಟು ಹೊತ್ತು ತೆಗೆದುಕೊಂಡರು. ಒಳಗಿನವರು ಹೊರಗೆ ಬಿಡಲು ಇನ್ನೂ ಹೊತ್ತು ತೆಗೆದುಕೊಂಡರು.

2015ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಮಲೇಷ್ಯಾದಲ್ಲಿತ್ತು. ಇರಾನಿನ ನಾಯಕಿ ನಿಲೂಫರ್ ಅರ್ದಲಾನ್, ದೇಶದಲ್ಲಿ ‘ಲೇಡಿ ಗೋಲ್’ ಎಂದು ಹೆಸರಾದವಳು. ಅವಳ ಪಾಸ್‌ಪೋರ್ಟ್ ನವೀಕರಣಕ್ಕೆ ಗಂಡನ ಒಪ್ಪಿಗೆ ಬೇಕಿತ್ತು, ಅಲ್ಲಿನ ಕಾನೂನು ಹಾಗಿದೆ. ಗಂಡ ಒಪ್ಪಲಿಲ್ಲ. ಮಗನ ಶಾಲೆಯ ಮೊದಲ ದಿನ ತಾಯಿ ಮನೆಯಲ್ಲಿರಬೇಕು ಎಂಬುದು ಕಾರಣ ಎಂದು ಆಗ ಪತ್ರಿಕೆಗಳಲ್ಲಿ ಬಂತು. ಅವನು ಸ್ವತಃ ಕ್ರೀಡಾ ಪತ್ರಕರ್ತ. ತಂಡ ನಾಯಕಿಯನ್ನು ಬಿಟ್ಟು ವಿಮಾನ ಹತ್ತಿತು, ಫೈನಲ್‌ನಲ್ಲಿ ಜಪಾನನ್ನು 1-0ಯಿಂದ ಸೋಲಿಸಿತು. ಅರ್ದಲಾನ್ ಸುಮ್ಮನಿರದೆ ಈ ವಿಷಯವನ್ನು ಬಹಿರಂಗವಾಗಿ ಹೇಳಿದಳು. ಎರಡು ತಿಂಗಳ ನಂತರ ಗ್ವಾಟೆಮಾಲಾದಲ್ಲಿ ನಡೆದ ಟೂರ್ನಿಗೆ ನ್ಯಾಯಾಂಗದ ವಿಶೇಷ ಅನುಮತಿ ಪಡೆದು ಹೋದಳು. ಒಂದು ಕಾನೂನಿನ ಸಾಲು, ಒಂದು ಸಹಿ, ಅಷ್ಟರಲ್ಲಿ ದೇಶದ ಅತ್ಯುತ್ತಮ ಆಟಗಾರ್ತಿಯ ಏಷ್ಯಾ ಕಪ್ ಹೋಯಿತು. ಅಂತಹ ತಂಡ ಗೆದ್ದಿತಲ್ಲ, ಅದರ ಒಳಗಿನ ಗಟ್ಟಿತನ ಎಷ್ಟಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಗ್ವಾಟೆಮಾಲಾದ ಆ ಟೂರ್ನಿಯ ಬಗ್ಗೆಯೂ ಒಂದು ಮಾತು. ಗಂಡಸರ ಫುಟ್ಸಾಲ್ ವಿಶ್ವಕಪ್ 1989ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಶುರುವಾಗಿ, 2024ರ ಉಜ್ಬೇಕಿಸ್ತಾನದ ಹೊತ್ತಿಗೆ ಹತ್ತು ಸಲ ನಡೆದಿತ್ತು. ಹೆಂಗಸರಿಗೆ ಅಧಿಕೃತವಾದದ್ದು ಒಂದೂ ಇರಲಿಲ್ಲ. 2010ರಿಂದ 2015ರವರೆಗೆ ಫಿಫಾದ ಮುದ್ರೆಯಿಲ್ಲದ ‘ವಿಶ್ವ ಟೂರ್ನಿ’ ವರ್ಷಕ್ಕೊಂದರಂತೆ ಆರು ಸಲ ನಡೆಯಿತು, ಆರನ್ನೂ ಬ್ರೆಜಿಲ್ ಗೆದ್ದಿತು. ಆಮೇಲೆ ಅದೂ ನಿಂತಿತು. ಬ್ರೆಜಿಲ್ಲಿನ ಅಮಾಂಡಿನ್ಯಾ 2014ರಿಂದ ಸತತ ಎಂಟು ವರ್ಷ ಜಗತ್ತಿನ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡಳು. ಆ ಎಂಟು ವರ್ಷಗಳಲ್ಲಿ ಅವಳಿಗೆ ಆಡಲು ಒಂದು ವಿಶ್ವಕಪ್ ಇರಲಿಲ್ಲ. ಪಾಸಿಗ್‌ನಲ್ಲಿ ಅವಳು ಅದನ್ನು ಆಡಿ ಗೆದ್ದಳು ಎಂಬುದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸಂಗತಿ. ಬ್ರೆಜಿಲ್ಲಿನಲ್ಲಿ 1965ರ ಸರ್ಕಾರಿ ನಿರ್ಣಯವೊಂದು ಹೆಂಗಸರಿಗೆ ನಿಷೇಧಿಸಿದ ಆಟಗಳ ಪಟ್ಟಿಯಲ್ಲಿ ಫುಟ್‌ಬಾಲ್ ಜೊತೆ ಒಳಾಂಗಣ ಫುಟ್‌ಬಾಲನ್ನೂ ಹೆಸರಿಸಿಯೇ ಸೇರಿಸಿತ್ತು. ನಿಷೇಧ ಹೋದದ್ದು 1979ರಲ್ಲಿ.

ಮೇಜಿನ ಮೇಲಿನ ಗುರುತು

ಏಳು ವರ್ಷ ಟೂರ್ನಿ ಇಲ್ಲದಿದ್ದರೆ ಏನಾಯಿತು, ಅಭ್ಯಾಸ ಮಾಡಿಕೊಂಡಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಯಾಕೆ ಸಾಲದು ಎನ್ನುವುದು ಫುಟ್ಸಾಲ್‌ನ ನಿಯಮಗಳಲ್ಲೇ ಇದೆ.

ಮೊದಲನೆಯದು ಫೌಲ್ ಲೆಕ್ಕ. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಒಂದು ಅರ್ಧ 20 ನಿಮಿಷ, ಚೆಂಡು ಹೊರಹೋದಾಗಲೆಲ್ಲ ಗಡಿಯಾರ ನಿಲ್ಲುತ್ತದೆ. ನೇರ ಫ್ರೀ ಕಿಕ್ ಅಥವಾ ಪೆನಾಲ್ಟಿಗೆ ಅರ್ಹವಾದ ಪ್ರತಿ ಫೌಲೂ ತಂಡದ ಖಾತೆಗೆ ಸೇರುತ್ತದೆ. ರೆಫರಿ ಅಡ್ವಾಂಟೇಜ್ ಕೊಟ್ಟು ಆಟ ಮುಂದುವರಿಸಿದರೂ ಎಣಿಕೆ ತಪ್ಪುವುದಿಲ್ಲ. ಐದನೆಯದಾದ ಕೂಡಲೇ ಟೈಮ್‌ಕೀಪರ್ ಮೇಜಿನ ಮೇಲೆ ಆ ತಂಡದ ಕಡೆಗೆ ಒಂದು ಗುರುತು ಇಡುತ್ತಾರೆ. ಅಲ್ಲಿಂದ ಆ ಅರ್ಧ ಮುಗಿಯುವ ತನಕ ಪ್ರತಿ ಫೌಲಿಗೂ ತಡೆಗೋಡೆ ಇಲ್ಲದ ಕಿಕ್. ಗೋಲಿನಿಂದ ಹತ್ತು ಮೀಟರಿನ ಚುಕ್ಕೆಯಿಂದ ಹೊಡೆಯಬಹುದು, ಫೌಲ್ ಅದಕ್ಕಿಂತ ಹತ್ತಿರದಲ್ಲಿ ಆಗಿದ್ದರೆ ಆಗಿದ್ದ ಜಾಗದಿಂದಲೂ ಹೊಡೆಯಬಹುದು. ಗೋಲ್ ಕೀಪರ್ ಚೆಂಡಿನಿಂದ ಐದು ಮೀಟರ್ ದೂರ ಇರಬೇಕು, ಉಳಿದವರೆಲ್ಲ ಚೆಂಡಿನ ಹಿಂದೆ. ದ್ವಿತೀಯಾರ್ಧದ ಲೆಕ್ಕ ಹೆಚ್ಚುವರಿ ಸಮಯಕ್ಕೂ ಮುಂದುವರಿಯುತ್ತದೆ.

ಆ ಗುರುತು ಮೇಜಿಗೆ ಬಂದ ಕ್ಷಣದಿಂದ ಅಂಕಣದ ಮೇಲೆ ಏನಾಗುತ್ತದೆ ಎಂದು ಹತ್ತಿರದಿಂದ ನೋಡಬೇಕು. ಎದುರು ತಂಡದ ಪಿವೊ, ಅಂದರೆ ಗೋಲಿಗೆ ಬೆನ್ನು ಹಾಕಿ ಚೆಂಡು ಹಿಡಿದು ನಿಲ್ಲುವವಳು, ತಕ್ಷಣ ಹೆಚ್ಚು ಚೆಂಡು ಕೇಳತೊಡಗುತ್ತಾಳೆ. ಅವಳ ಹಿಂದಿರುವ ರಕ್ಷಕಿ ಅಲ್ಲಿಯವರೆಗೆ ಮುಂಗೈಯನ್ನು ಅವಳ ಸೊಂಟಕ್ಕೆ ತಾಗಿಸಿ, ಅವಳು ಯಾವ ಕಡೆ ತಿರುಗುತ್ತಾಳೆ ಎಂದು ಮೈಯಿಂದಲೇ ಓದುತ್ತಿದ್ದಳು. ಈಗ ಕೈ ಹಿಂದಕ್ಕೆಳೆಯಬೇಕು, ಅರ್ಧ ಹೆಜ್ಜೆ ಬಿಟ್ಟು ನಿಲ್ಲಬೇಕು. ಆ ಅರ್ಧ ಹೆಜ್ಜೆಯಲ್ಲೇ ಪಿವೊ ತಿರುಗಿ ಹೊಡೆಯುತ್ತಾಳೆ. ಅನುಭವ ಇಲ್ಲದ ರಕ್ಷಕಿ ಎರಡು ತಪ್ಪಿನಲ್ಲಿ ಒಂದನ್ನು ಮಾಡುತ್ತಾಳೆ. ಒಂದೋ ಅಭ್ಯಾಸಬಲದಿಂದ ಕೈ ಹಾಕಿ ಆರನೆಯ ಫೌಲ್ ಕೊಡುತ್ತಾಳೆ, ಇಲ್ಲವೇ ಹೆದರಿ ಒಂದೂವರೆ ಮೀಟರ್ ಬಿಟ್ಟುಬಿಡುತ್ತಾಳೆ. ಪಳಗಿದವಳು ಪಿವೊ ಹಿಂದೆ ನಿಲ್ಲುವುದನ್ನೇ ಬಿಟ್ಟು ಪಕ್ಕಕ್ಕೆ ಬಂದು ಪಾಸ್ ಬರುವ ದಾರಿಯಲ್ಲಿ ಕಾಲಿಡುತ್ತಾಳೆ, ಹಿಂದಿನ ಜಾಗವನ್ನು ಗೋಲ್ ಕೀಪರ್ ಮುಂದೆ ಬಂದು ಕಾಯುತ್ತಾಳೆ. ಇದಕ್ಕೆ ಇಬ್ಬರಿಗೂ ಒಂದೇ ಕ್ಷಣದಲ್ಲಿ ಒಂದೇ ವಿಷಯ ಹೊಳೆಯಬೇಕು.

ಇದನ್ನು ಅಭ್ಯಾಸದಲ್ಲಿ ಕಲಿಸಲು ಕಷ್ಟ, ಯಾಕೆಂದರೆ ಅಲ್ಲಿ ಆರನೆಯ ಫೌಲಿಗೆ ಬೆಲೆ ಇಲ್ಲ. ಇನ್ನೊಂದು ಮುಖವೂ ಇದೆ. ಒಳ್ಳೆಯ ತಂಡ ಫೌಲನ್ನು ಖರ್ಚು ಮಾಡಲು ಕಲಿತಿರುತ್ತದೆ: ಎದುರಾಳಿಯ ಮೂವರು ನಮ್ಮ ಇಬ್ಬರ ಮೇಲೆ ಪ್ರತಿದಾಳಿಗೆ ಬರುವಾಗ ಅರ್ಧಗೆರೆಯ ಬಳಿಯೇ ಒಂದು ಸಣ್ಣ ಫೌಲ್ ಮಾಡಿ ನಿಲ್ಲಿಸುವುದು. ಹನ್ನೆರಡು ನಿಮಿಷಕ್ಕೆ ಎರಡೇ ಆಗಿದ್ದರೆ ಇನ್ನೊಂದು ಮಾಡಬಹುದು, ನಾಲ್ಕಾಗಿದ್ದರೆ ಬಿಡಬೇಕು. ಓಡುತ್ತಿರುವಾಗ ಈ ಲೆಕ್ಕ ತಲೆಯಲ್ಲಿರಬೇಕು. ಅಂತಾರಾಷ್ಟ್ರೀಯ ರೆಫರಿಗಳು ಸಣ್ಣ ತಾಗುವಿಕೆಗೂ ಸೀಟಿ ಊದುತ್ತಾರೆ, ದೇಶದ ಲೀಗ್‌ನಲ್ಲಿ ಅದೇ ತಾಗುವಿಕೆಯನ್ನು ಬಿಟ್ಟಿರುತ್ತಾರೆ. ವರ್ಷಗಟ್ಟಲೆ ಹೊರಗೆ ಆಡದ ತಂಡ ಟೂರ್ನಿಯ ಮೊದಲ ಪಂದ್ಯದಲ್ಲಿ ಹತ್ತೇ ನಿಮಿಷಕ್ಕೆ ಐದು ಮುಟ್ಟಿಬಿಡುವುದು ಹೀಗೆ.

ಖಾಲಿ ಗೋಲಿನ ಜೂಜು

ಎರಡನೆಯದು, ಹಿಂದಿದ್ದ ತಂಡ ಕೊನೆಯ ನಾಲ್ಕೈದು ನಿಮಿಷದಲ್ಲಿ ಗೋಲ್ ಕೀಪರನ್ನು ತೆಗೆದು ಐದನೆಯ ಆಟಗಾರ್ತಿಯನ್ನು ಇಳಿಸುವುದು. ಪವರ್ ಪ್ಲೇ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಹತಾಶೆಯ ಆಟದಂತೆ ಕಾಣುತ್ತದೆ. ಅದು ಈ ಕ್ರೀಡೆಯಲ್ಲೇ ಅತ್ಯಂತ ಲೆಕ್ಕಾಚಾರದ ಭಾಗ.

ಅದರ ತಯಾರಿ ಬೆಂಚಿನಿಂದ ಶುರು. ಇಳಿಯುವವಳು ಗೋಲ್ ಕೀಪರ್ ಬಣ್ಣದ ಜರ್ಸಿ ಹಾಕಿರಬೇಕು, ಬೆನ್ನ ಮೇಲೆ ಅವಳದೇ ನಂಬರ್ ಕಾಣಬೇಕು. ಹಾಗಾಗಿ ಅನೇಕ ತಂಡಗಳು ಕೀಪರ್ ಜರ್ಸಿಯ ಬೆನ್ನಿನಲ್ಲಿ ಚೌಕಾಕಾರದ ಕಿಟಕಿ ಕತ್ತರಿಸಿ ಇಟ್ಟುಕೊಂಡಿರುತ್ತವೆ. ಸ್ವಂತ ಜರ್ಸಿಯ ಮೇಲೆ ಅದನ್ನೇ ಎಳೆದುಕೊಂಡರೆ ನಂಬರ್ ಆ ಕಿಟಕಿಯಲ್ಲಿ ಕಾಣುತ್ತದೆ. ಬದಲಿ ವಲಯ ಐದು ಮೀಟರ್ ಉದ್ದ. ಕೀಪರ್ ಅಲ್ಲಿಂದ ಹೊರಗೆ ಬಂದ ಮೇಲೆಯೇ ಇವಳು ಅಲ್ಲಿಂದಲೇ ಒಳಗೆ ಹೋಗಬೇಕು. ಅವಸರದಲ್ಲಿ ಒಂದು ಹೆಜ್ಜೆ ಮುಂಚೆ ಇಟ್ಟರೆ ಹಳದಿ ಕಾರ್ಡು, ಎದುರಾಳಿಗೆ ಪರೋಕ್ಷ ಫ್ರೀ ಕಿಕ್.

ಇಳಿದ ಮೇಲೆ ಇನ್ನೊಂದು ಬಿಗಿ. ಕೀಪರ್ ಸ್ವಂತ ಅರ್ಧದಲ್ಲಿ ಚೆಂಡನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಒಮ್ಮೆ ಆಡಿದ ಮೇಲೆ ಎದುರಾಳಿ ಮುಟ್ಟದೆ ಸ್ವಂತ ಅರ್ಧದಲ್ಲಿ ಸಂಗಾತಿಯಿಂದ ಅದನ್ನು ಮತ್ತೆ ಪಡೆಯುವಂತಿಲ್ಲ. ಆದ್ದರಿಂದ ಮೊದಲು ಚೆಂಡನ್ನು ಅರ್ಧಗೆರೆ ದಾಟಿಸಬೇಕು, ಕೀಪರ್ ಜರ್ಸಿಯವಳೂ ದಾಟಬೇಕು. ಆಚೆ ಹೋದರೆ ಈ ಎರಡೂ ಕಟ್ಟುಪಾಡಿಲ್ಲ. ಅಲ್ಲಿ ಸಾಮಾನ್ಯವಾಗಿ ಹಿಂದೆ ಒಬ್ಬಳು, ಎರಡು ಬದಿಗೆರೆಯ ಹತ್ತಿರ ಇಬ್ಬರು, ಎರಡು ಗೋಲ್ ಕಂಬಗಳ ಹತ್ತಿರ ಇಬ್ಬರು ನಿಲ್ಲುತ್ತಾರೆ. ಎದುರಿನ ನಾಲ್ವರು ಚೌಕವಾಗಿ ಇಲ್ಲವೇ ವಜ್ರಾಕಾರದಲ್ಲಿ ನಿಂತು ಚೆಂಡಿನ ಕಡೆಗೆ ಜರುಗುತ್ತಾರೆ. ಚೆಂಡನ್ನು ಈ ಬದಿಯಿಂದ ಆ ಬದಿಗೆ ಒಂದೆರಡೇ ಸ್ಪರ್ಶದಲ್ಲಿ ದಾಟಿಸುತ್ತಾ ಹೋದರೆ ನಾಲ್ವರಲ್ಲಿ ಒಬ್ಬಳು ಒಮ್ಮೆ ತಡವಾಗುತ್ತಾಳೆ. ಆಗ ಬದಿಯಿಂದ ಓರೆಯಾಗಿ, ಜೋರಾಗಿ ದೂರದ ಕಂಬಕ್ಕೆ ಪಾಸ್. ಅಲ್ಲಿ ನಿಂತವಳು ಪಾದ ಅಡ್ಡ ಇಟ್ಟರೆ ಸಾಕು.

ಕೆಡುವುದು ಎಲ್ಲಿ? ಬಹುತೇಕ ಮೂರು ಕಡೆ. ಪಾಸ್ ನಿಧಾನವಾದರೆ ನಾಲ್ವರಿಗೆ ಜರುಗಲು ಹೊತ್ತು ಸಿಗುತ್ತದೆ, ಐದನೆಯವಳು ಇದ್ದೂ ಇಲ್ಲದ ಹಾಗೆ. ನಡುವಿನಿಂದ ಪಾಸ್ ಕೊಟ್ಟು ಅದನ್ನು ಎದುರಾಳಿ ಕತ್ತರಿಸಿದರೆ ಮೂವತ್ತು ಮೀಟರ್ ದೂರದಿಂದಲೂ ಖಾಲಿ ಗೋಲಿಗೆ ಉರುಳಿಸಬಹುದು. ಮೂರನೆಯದು, ಒಳ್ಳೆಯ ಅವಕಾಶ ಬರುವ ಮೊದಲೇ ಹೊಡೆದುಬಿಡುವುದು. ಹಿಂದಿದ್ದೇವೆ, ಗಡಿಯಾರ ಓಡುತ್ತಿದೆ ಎಂಬ ಗಾಬರಿ ಇದು. ಹದಿನೈದು ಪಾಸ್ ಆಗುವ ತನಕ ತಾಳ್ಮೆಯಿಂದ ಇರಲು ಹಿಂದೆ ಎಂದಾದರೂ ಅಂತಹ ಕೊನೆಯ ನಾಲ್ಕು ನಿಮಿಷವನ್ನು ನಿಜವಾಗಿ ಆಡಿರಬೇಕು. ತನ್ನ ದೇಶದ ಲೀಗ್‌ನಲ್ಲಿ ಆರು ಗೋಲು ಅಂತರದಿಂದ ಗೆಲ್ಲುವ ಆಟಗಾರ್ತಿಗೆ ಆ ನಾಲ್ಕು ನಿಮಿಷ ಬರುವುದೇ ಇಲ್ಲ.

ಹನ್ನೆರಡರಲ್ಲಿ ಎಷ್ಟು ಮಂದಿ?

ತಂಡದ ಪಟ್ಟಿಯಲ್ಲಿ ಹದಿನಾಲ್ಕು ಹೆಸರು. ಇಬ್ಬರು ಕೀಪರ್ ಬಿಟ್ಟರೆ ಹನ್ನೆರಡು, ಅಂದರೆ ನಾಲ್ವರ ಮೂರು ಗುಂಪು. ಬದಲಾವಣೆಗೆ ಮಿತಿ ಇಲ್ಲ. ಬಲಿಷ್ಠ ತಂಡಗಳು ಎರಡು ಮೂರು ನಿಮಿಷಕ್ಕೊಮ್ಮೆ ನಾಲ್ವರನ್ನೂ ಬದಲಿಸುತ್ತವೆ. ಕೋಚ್‌ಗೆ ನಂಬಿಕೆ ಇರುವುದು ಆರು ಏಳು ಮಂದಿಯ ಮೇಲೆ ಮಾತ್ರ ಆದರೆ ಅವರೇ ಐದಾರು ನಿಮಿಷ ಅಂಕಣದಲ್ಲಿ ಉಳಿಯುತ್ತಾರೆ. ದಣಿದ ಕಾಲು ಚೆಂಡಿಗೆ ತಡವಾಗಿ ಬರುತ್ತದೆ, ತಡವಾಗಿ ಬಂದ ಕಾಲು ಎದುರಾಳಿಯ ಕಾಲಿಗೆ ತಾಗುತ್ತದೆ, ಅದು ಫೌಲ್. ಮೇಜಿನ ಗುರುತಿಗೂ ಬೆಂಚಿನ ಆಳಕ್ಕೂ ಇರುವ ನಂಟು ಇದು. ಮೊದಲಾರ್ಧ ಸಮಬಲದಲ್ಲಿ ಆಡಿದ ತಂಡ ಮೂವತ್ತನೇ ನಿಮಿಷದ ನಂತರ ಇದ್ದಕ್ಕಿದ್ದಂತೆ ಮೂರು ಗೋಲು ತಿನ್ನುವುದು ಇದೇ ಕಾರಣಕ್ಕೆ. ಏಳರಿಂದ ಹನ್ನೆರಡನೆಯವರನ್ನು ತಯಾರು ಮಾಡುವುದು ಕ್ಯಾಂಪ್ ಅಲ್ಲ, ವರ್ಷವಿಡೀ ನಡೆಯುವ ಲೀಗ್ ಮತ್ತು ಅವರನ್ನು ಇಳಿಸಿ ನೋಡಬಹುದಾದಷ್ಟು ಅಂತಾರಾಷ್ಟ್ರೀಯ ಪಂದ್ಯಗಳು. ಇರಾನಿಗೆ ಲೀಗ್ ಇತ್ತು, ಎರಡನೆಯದು ಇರಲಿಲ್ಲ. ಇಷ್ಟಾದರೂ ಹೊಹೊಟ್‌ನಲ್ಲಿ ಮೂರನೇ ಸ್ಥಾನ ಪಡೆದು ವಿಶ್ವಕಪ್‌ಗೆ ಅರ್ಹತೆ ಗಳಿಸಿದರು. ಅಲ್ಲಿ ಫೈನಲ್‌ನಲ್ಲಿ ಜಪಾನ್ ಮತ್ತು ಥಾಯ್ಲೆಂಡ್ 3-3 ಸಮಗೊಂಡು, ಪೆನಾಲ್ಟಿಯಲ್ಲಿ ಜಪಾನ್ ಗೆದ್ದಿತು. ಪಾಸಿಗ್‌ನಲ್ಲಿ ಏಷ್ಯಾದ ಈ ಮೂವರಲ್ಲಿ ಗುಂಪು ದಾಟಿದ್ದು ಜಪಾನ್ ಒಂದೇ. ದೋಷ ಇರಾನಿನದ್ದು ಮಾತ್ರವಲ್ಲ, ಇಡೀ ಖಂಡದ ಕ್ಯಾಲೆಂಡರಿನದ್ದು ಎಂದು ನಾನು ಹೇಳುವುದು ಇದನ್ನು ನೋಡಿಯೇ.

ನಮ್ಮ ಅಂಕಣಗಳ ವಿಷಯ

ಭಾರತದ ಮಹಿಳಾ ತಂಡ 2025ರ ಜನವರಿಯಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಏಷ್ಯಾ ಕಪ್ ಅರ್ಹತಾ ಸುತ್ತು ಆಡಿತು. ಮುಂದಿನ ಹಂತಕ್ಕೆ ಹೋಗಲಿಲ್ಲ. ಇದು ನಮ್ಮ ಮೊದಲ ತಲೆಮಾರು, ಹಾಗಾಗಿ ಸೋಲಿಗಿಂತ ಅವರು ಎಲ್ಲಿ ಆಡಿ ಬೆಳೆಯುತ್ತಾರೆ ಎಂಬುದೇ ನನಗೆ ಮುಖ್ಯ. ಬೆಂಗಳೂರಿನಲ್ಲಿ ಗಂಟೆಗೆ ಬಾಡಿಗೆ ಕೊಟ್ಟು ಆಡುವ ಟರ್ಫ್‌ಗಳು ಬಡಾವಣೆಗೊಂದಿವೆ, ಸಂಜೆ ಹುಡುಗಿಯರ ತಂಡಗಳೂ ಕಾಣುತ್ತವೆ. ಅದು ಒಳ್ಳೆಯದೇ, ಆದರೆ ಅದು ಫುಟ್ಸಾಲ್ ಅಲ್ಲ. ಕೃತಕ ಹುಲ್ಲಿನಲ್ಲಿ ಚೆಂಡು ತಡೆದು ನಿಲ್ಲುತ್ತದೆ. ಸುತ್ತಲ ಬಲೆಗೆ ಬಡಿದು ವಾಪಸ್ ಬರುವುದರಿಂದ ಗೆರೆಯ ಅರಿವು ಬೆಳೆಯುವುದಿಲ್ಲ, ಬದಿಗೆರೆ ದಾಟಿ ಹೋದ ಚೆಂಡನ್ನು ನಾಲ್ಕು ಸೆಕೆಂಡಿನೊಳಗೆ ಕಾಲಿನಿಂದ ಒಳಗೆ ಹಾಕುವ, ಅಂದರೆ ಕಿಕ್-ಇನ್ ತೆಗೆಯುವ ಅಭ್ಯಾಸವಾಗುವುದಿಲ್ಲ. ಸಾಮಾನ್ಯ ಫುಟ್‌ಬಾಲಿನ ಐದನೇ ನಂಬರಿನ ಪುಟಿಯುವ ಚೆಂಡಿನಲ್ಲಿ ಅಂಗಾಲಿನಿಂದ ಚೆಂಡು ಹಿಡಿಯುವ ಕಲೆ ಬರುವುದಿಲ್ಲ. ಫುಟ್ಸಾಲ್ ಚೆಂಡು ನಾಲ್ಕನೇ ನಂಬರಿನದು, ಸುತ್ತಳತೆ 62ರಿಂದ 64 ಸೆಂ.ಮೀ., ತೂಕ 400ರಿಂದ 440 ಗ್ರಾಂ. ಎರಡು ಮೀಟರ್ ಎತ್ತರದಿಂದ ಬಿಟ್ಟರೆ 50ರಿಂದ 65 ಸೆಂ.ಮೀ. ಮಾತ್ರ ಪುಟಿಯಬೇಕು. ಕೊಳ್ಳುವಾಗ ಗೋಡೆಗೆ ಟೇಪ್ ಹಿಡಿದು ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಹೊಸ ಕ್ರೀಡಾಂಗಣ ಕಟ್ಟುವ ತನಕ ಕಾಯಬೇಕಿಲ್ಲ. ಹ್ಯಾಂಡ್‌ಬಾಲ್ ಅಂಕಣವೂ 40 ಬೈ 20 ಮೀಟರ್, ಅದರ ಗೋಲೂ ಒಳ ಅಳತೆಯಲ್ಲಿ 3 ಬೈ 2 ಮೀಟರ್. ಗೋಲಿನ ಮುಂದಿನ ಆರು ಮೀಟರಿನ ಕಮಾನು ಕೂಡ ಫುಟ್ಸಾಲ್ ಪೆನಾಲ್ಟಿ ಪ್ರದೇಶಕ್ಕೆ ಹೆಚ್ಚುಕಡಿಮೆ ಅದೇ: ನಡುವಿನ ನೇರ ಗೆರೆ ಅಲ್ಲಿ 3 ಮೀಟರ್, ಇಲ್ಲಿ ಕಂಬಗಳ ದಪ್ಪವೂ ಸೇರಿ 3.16. ಹ್ಯಾಂಡ್‌ಬಾಲ್ ಅಂಕಣವಿರುವ ಶಾಲೆ ಕಾಲೇಜುಗಳಲ್ಲಿ ಹೊಸದಾಗಿ ಹಾಕಬೇಕಾದ್ದು ಆರು ಮತ್ತು ಹತ್ತು ಮೀಟರಿನ ಚುಕ್ಕೆಗಳು, ಮೂರು ಮೀಟರ್ ತ್ರಿಜ್ಯದ ನಡುವೃತ್ತ, ಮೂಲೆಗಳಿಗೆ 25 ಸೆಂ.ಮೀ.ನ ಕಾಲುವೃತ್ತ, ಅರ್ಧಗೆರೆಯಿಂದ ಐದು ಮೀಟರ್ ಬಿಟ್ಟು ಐದೈದು ಮೀಟರಿನ ಬದಲಿ ವಲಯ. ಬೇರೆ ಬಣ್ಣದ ಟೇಪಿನಲ್ಲಿ ಇಷ್ಟನ್ನೂ ಒಂದು ಬೆಳಿಗ್ಗೆ ಮುಗಿಸಬಹುದು. ಹೊರಗಿನ ಸಿಮೆಂಟ್ ಅಂಕಣವಾದರೆ ಚೆಂಡಿನ ಮೇಲ್ಮೈ ಬೇಗ ಕಿತ್ತುಹೋಗುತ್ತದೆ, ಜಾರಿ ಬಿದ್ದರೆ ಮಂಡಿ ಹರಿಯುತ್ತದೆ. ಹಾಗಾಗಿ ಒಳಾಂಗಣ ಸಿಕ್ಕರೆ ಅದೇ ಮೊದಲು. ಅಲ್ಲಿ ನೆಲಕ್ಕೆ ಗೀರು ಬೀಳದ ಗಮ್ ಸೋಲ್ ಶೂ ಕಡ್ಡಾಯ ಮಾಡಬೇಕು, ಬೆವರು ಬಿದ್ದ ಜಾಗ ಒರೆಸಲು ಗೆರೆಯ ಪಕ್ಕದಲ್ಲಿ ಒಬ್ಬರು ಬಟ್ಟೆ ಹಿಡಿದು ಕೂತಿರಬೇಕು.

ಜಿಲ್ಲಾ ಮಟ್ಟದಲ್ಲಿ ಹುಡುಗಿಯರ ಟೂರ್ನಿ ನಡೆಸುವವರಿಗೆ ನನ್ನ ಕೋರಿಕೆ ಒಂದೇ. ಗಡಿಯಾರ ನಿಲ್ಲಿಸುವ ಒಬ್ಬರನ್ನೂ ಫೌಲ್ ಬರೆಯುವ ಒಬ್ಬರನ್ನೂ ಮೇಜಿಗೆ ಕೂರಿಸಿ. ಆಟ ಬೇಗ ಮುಗಿಯಲಿ ಎಂದು ಓಡುವ ಗಡಿಯಾರದಲ್ಲಿ ಆಡಿಸಬೇಡಿ, ಆರನೆಯ ಫೌಲಿಗೆ ಪಾಪ ಎಂದು ಸಾದಾ ಫ್ರೀ ಕಿಕ್ ಕೊಡಬೇಡಿ. ಹದಿನಾಲ್ಕು ವರ್ಷದ ಹುಡುಗಿ ಆ ಹತ್ತು ಮೀಟರಿನ ಕಿಕ್ಕನ್ನು ಅಲ್ಲೇ ಎದುರಿಸಲಿ, ಅಲ್ಲೇ ಹೊಡೆಯಲಿ.